ಪೂಜೆಗಿಟ್ಟ ರಂಪಿಗೆ

"ಆ ರಂಪಿಗಿಗೆ ಕೈ ಹಚ್ಚಿದ್ರ ಮುಂಗೈ ಮುರೀತೀನಿ ನೋಡು ಮಾವಾ!"

ಚಂದ್ರಾಮ ಒದರಿದ ಸದ್ದಿಗೆ ಧಾರಾವಿಯ ಆ ಮಾಳಿಗೆಯ ತಗಡೂ ಝಣ್ಣೆಂದಿತು. ಮೂಲೆಯಲ್ಲಿ ಬಾಳೆ ಎಲೆಯ ಮೇಲೆ ಕತ್ತರಿ, ಸುತ್ತಿಗೆ, ದಬ್ಬಳ, ಚರ್ಮ ಕೊಯ್ಯುವ ರಂಪಿಗೆ ಎಲ್ಲವೂ ಅರಿಶಿನ ಕುಂಕುಮ ಹಚ್ಚಿಸಿಕೊಂಡು ಮಲಗಿದ್ದವು. ಅಂದು ದಸರೆಯ ಖಂಡೆ ಪೂಜೆ, ಹತಾರಗಳ ಹಬ್ಬ. ಪೂಜೆಗಿಟ್ಟ ಹತಾರವನ್ನು ಮರುದಿನ ಬನ್ನಿ ಮುಡಿಯುವ ತನಕ ಎತ್ತಬಾರದು. ಎತ್ತಿದರೆ ಅದು ರಕ್ತ ಕುಡಿಯದೆ ಕೆಳಗಿಳಿಯುವುದಿಲ್ಲ ಎಂದು ಇಂಡಿ ಸೀಮೆಯಿಂದ ಬಂದವರೆಲ್ಲ ನಂಬಿದ್ದರು.

ಧನರಾಜ್ ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡ. ಕಾರ್ಖಾನೆಯ ಶೇಟ್ ಅವನು, ಚಂದ್ರಾಮನಿಗೆ ಸೋದರಮಾವ. ಏಳನೆಯ ಇಯತ್ತೆಗೇ ಸಾಲೆ ಬಿಟ್ಟು, ಸಾಂತಾಕ್ರೂಜ್‌ನಲ್ಲಿ ಬಿಲ್ಡಿಂಗ್ ಕೆಲಸಕ್ಕೆ ಬುಟ್ಟಿ ಹೊರುತ್ತಿದ್ದ ಅಳಿಯನನ್ನು ಕರೆತಂದು ಚರ್ಮದ ಮುಂದೆ ಕೂರಿಸಿದವನೂ ಅವನೇ.

"ಏಜೆಂಟ್ ಇವತ್ತ ಸಂಜೀಕ ವಿಡಿಯೊ ಬೇಕಂದಾನ. ಒಂದೊಂದು ಬ್ಯಾಗ್ ಹರಿಯೂದು ಕಣ್ಣಿಗೆ ಕಾಣಬೇಕಂತ. ಖಂಡೆ ಪೂಜಿ ಅಂದ್ರ ಅವನಿಗೇನು ತಿಳೀತೈತಿ?"

ಗೋಡೆಯುದ್ದಕ್ಕೂ ಒಟ್ಟಿದ್ದ ಬ್ಯಾಗುಗಳು ಜೇನಿನ ಬಣ್ಣದವು. ನ್ಯೂಯಾರ್ಕಿನ ಯಾವುದೋ ಅಂಗಡಿಯ ಹೆಸರನ್ನು ಕಾಸಿದ ಅಚ್ಚಿನಿಂದ ಎದೆಯ ಮೇಲೆ ಒತ್ತಿಸಿಕೊಂಡಿದ್ದವು. ಮಳೆಗಾಲವಿಡೀ ಕೂತು ಹೊಲಿದ ಮಾಲು. ಆಗಸ್ಟಿನಲ್ಲಿ, ಭಾರತ ರಷ್ಯಾದ ಎಣ್ಣೆ ಕೊಳ್ಳುತ್ತದೆಂಬ ಸಿಟ್ಟಿಗೆ ಅಮೆರಿಕದವರು ನಮ್ಮ ಸಾಮಾನಿನ ಮೇಲಿನ ಸುಂಕವನ್ನು ನೂರಕ್ಕೆ ಐವತ್ತು ಮಾಡಿದ್ದೇ ತಡ, ಇಷ್ಟು ತುಟ್ಟಿ ಬ್ಯಾಗನ್ನು ನಮ್ಮ ಹೆಂಗಸರು ಕೊಳ್ಳುವುದಿಲ್ಲ ಎಂದು ಅಂಗಡಿಯವನು ಕೈಯೆತ್ತಿಬಿಟ್ಟ. ಹೋಗಲಿ ಎಂದರೆ ಅಷ್ಟಕ್ಕೂ ಬಿಡಲಿಲ್ಲ. ತನ್ನ ಹೆಸರಿನ ಮಾಲು ಬೇರೆಲ್ಲೂ ಬಿಕರಿಯಾಗಕೂಡದು, ಹರಿದು ತೋರಿಸಿದರೆ ಮಾತ್ರ ಸುಂಕ ಇಳಿದ ಮೇಲೆ ಮತ್ತೆ ಆರ್ಡರ್ ಎಂದು ತನ್ನ ಏಜೆಂಟನ ಕೈಯಲ್ಲಿ ಹೇಳಿಕಳಿಸಿದ.

"ರಷ್ಯಾದ ಎಣ್ಣಿ ಯಾರೋ ತಲಿಗೆ ಹಚ್ಕೊಂಡ್ರು, ಜಾರಿ ಬಿದ್ದವ್ರು ನಾವು," ಎಂದ ಮರೆಪ್ಪ. ಕಾರ್ಖಾನೆಯ ಹಳೆಯ ಕಾರೀಗಾರ. ಕಣ್ಣು ಮಂಜಾದ ಮೇಲೆ ಅಂಟು ಹಚ್ಚುವ ಕೆಲಸಕ್ಕಿಳಿದಿದ್ದ ಅವನ ಕೈಗೆ ಶೇಟ್ ಇಂದು ವಿಡಿಯೊಗೆಂದು ಫೋನು ಕೊಟ್ಟು ನಿಲ್ಲಿಸಿದ್ದ.

"ದಾದರ್ ಸ್ಟೇಷನ್ ಮುಂದ ಚಾದರ ಹಾಸಿ ಕುಂತ್ರ ಎರಡ ದಿನಕ್ಕ ಖಾಲಿ ಆಗ್ತಾವ," ಎಂದ ಚಂದ್ರಾಮ. "ಯಾಕ ಹರೀಬೇಕು?"

"ಒಬ್ಬವ ಫೋಟೊ ಹೊಡದು ಹಾಕಿದ್ರ ಮುಗೀತು. ಜನ್ಮದಾಗ ಇನ್ನೊಂದು ಆರ್ಡರ್ ಬರಂಗಿಲ್ಲ. ಏನು, ಮತ್ತ ಬುಟ್ಟಿ ಹೊರಾಕ ಹೋಗ್ತೀ?"

ಬುಟ್ಟಿ ಎಂಬ ಮಾತು ಚಂದ್ರಾಮನ ನೆತ್ತಿಗೇ ಬಿತ್ತು. ಆದರೂ ದನಿ ತಗ್ಗಿಸಿದ.

"ಒಂದರೆ ಬಿಡು ಮಾವಾ. ಗುರುಬಾಯಿಗೆ. ಲಗ್ನ ಆದಾಗಿಂದ ಕೇಳಾಕತ್ತಾಳ. ಪರದೇಶದ ಹೆಂಗಸರ ಹೆಗಲಿಗೇ ಹೊಲೀತೀರಿ, ನನ್ನ ಹೆಗಲೇನು ಮುರದೈತೇನು ಅಂತಾಳ."

"ಒಂದೂ ಇಲ್ಲ. ಎಣಿಸಿ ಕೇಳ್ತಾರ."

ಹೀಗೆಂದವನೇ ಧನರಾಜ್ ಬಗ್ಗಿ ಬಾಳೆ ಎಲೆಯ ಮೇಲಿಂದ ರಂಪಿಗೆ ಎತ್ತಿಕೊಂಡ. ಎತ್ತಿದ್ದು ಚಂದ್ರಾಮನದನ್ನೇ. ಅದರ ಹಿಡಿ ಅವನ ಅಂಗೈಗೆ ತಕ್ಕಂತೆ ಸವೆದಿತ್ತು.

ಚಂದ್ರಾಮ ಹೋರಿಯಂತೆ ನುಗ್ಗಿ ಮಾವನ ಪಕ್ಕೆಗೆ ತಲೆಯಿಂದ ಗುದ್ದಿದ. ಇಬ್ಬರೂ ಅಂಟಿನ ಡಬ್ಬಿಯ ಮೇಲೆ ಬಿದ್ದರು. ಪೂಜೆಯ ದೀಪ ಉರುಳಿ ಆರಿತು. ಧನರಾಜ್‌ನ ಮೊಣಕೈ ತುಟಿಗೆ ಬಡಿದು ಚಂದ್ರಾಮನ ಬಾಯೆಲ್ಲ ಉಪ್ಪಾಯಿತು. ಅವನು ಆ ರಕ್ತವನ್ನು ಮಾವನ ಮುಖಕ್ಕೇ ಉಗುಳಿ, ಕಾಲರ್ ಹಿಡಿದು, ಹೊಲಿಗೆ ಮಷೀನಿನ ಕಬ್ಬಿಣದ ಕಾಲಿಗೆ ತಲೆಯನ್ನು ಒಮ್ಮೆ ಜಜ್ಜಿದ. ಇನ್ನೊಮ್ಮೆ ಜಜ್ಜಿದ.

"ಬಿಡೋ ಹುಚ್ಚಪ್ಯಾಲಿ, ಸತ್ತಾನು!" ಮರೆಪ್ಪ ಗೋಡೆಗೆ ಒತ್ತಿಕೊಂಡು ಕಿರುಚಿದ.

"ಸಾಯ್ಲಿ! ಹರೀಬೇಕಂತ, ಹರೀಬೇಕು! ಮದ್ಲ ಈ ಮಾವನ್ನ ಹರೀತೀನಿ!"

ರಂಪಿಗೆ ಯಾವಾಗ ತನ್ನ ಕೈಗೆ ಬಂತೋ ಅವನಿಗೇ ತಿಳಿಯಲಿಲ್ಲ. ಹಿಡಿ ಹಳೆಯ ಗೆಳೆಯನಂತೆ ಅಂಗೈಗೆ ಕೂತಿತು. ಸುಂಕ ಹಾಕಿದವರು ಏಳು ಸಮುದ್ರದಾಚೆ ಇದ್ದರು. ಅಂಗಡಿಯವನ ಮುಖ ಹೇಗಿದೆಯೆಂದು ಕಂಡವರಿಲ್ಲ. ಕೈಗೆ ಸಿಗುವ ದೂರದಲ್ಲಿದ್ದ ಮುಖ ಇದೊಂದೇ. ಎತ್ತಿದ. ಇಳಿಸಿದ.

ಧನರಾಜ್ ಒಟ್ಟಿಲಿನಿಂದ ಸಿಕ್ಕ ಬ್ಯಾಗೊಂದನ್ನು ಸೆಳೆದು ಎರಡೂ ಕೈಯಿಂದ ಮುಖಕ್ಕೆ ಅಡ್ಡ ಹಿಡಿದಿದ್ದ. ಅಲಗು ಚರ್ಮವನ್ನು ಸೀಳಿ, ಒಳಗಿನ ಅಸ್ತರಿ ಸೀಳಿ, ಹಿಂದಿದ್ದ ಅಂಗೈಗಿಳಿಯಿತು.

ಹೊರಗೆ ಗಲ್ಲಿಯಲ್ಲಿ ಯಾರೋ ಗಾಡಿಯ ಹಾರ್ನು ಹೊಡೆಯುತ್ತಲೇ ಇದ್ದರು. ಧನರಾಜ್ ತನ್ನ ಅಂಗೈ ನೋಡಿಕೊಂಡ. ಆಮೇಲೆ ಬ್ಯಾಗು ನೋಡಿದ. ಅಂಗಡಿಯ ಹೆಸರಿನ ನಟ್ಟನಡುವೆ ಸೀಳು ಬಿದ್ದಿತ್ತು.

"ಮರೆಪ್ಪಾ, ವಿಡಿಯೊ ಚಾಲೂ ಐತೇನು?"

"ಐತ್ರೀ ಶೇಟ್," ಎಂದ ಮರೆಪ್ಪ. "ನನಗ ಬಂದ್ ಮಾಡಾಕ ಬರಂಗಿಲ್ಲ."

"ಬ್ಯಾಡ, ಇರ್ಲಿ. ನಮ್ಮ ಕುಸ್ತಿ ಆಮ್ಯಾಲ ತಗದು ಹಾಕೂಣು." ಧನರಾಜ್ ಅಸ್ತರಿಯ ಬಟ್ಟೆಯನ್ನು ಹಲ್ಲಿನಿಂದ ಹರಿದು ಕೈಗೆ ಸುತ್ತಿಕೊಂಡ. ಇನ್ನೊಂದು ಬ್ಯಾಗನ್ನು ಕಾಲಿನಿಂದ ಅಳಿಯನತ್ತ ನೂಕಿದ. "ಒಂದಾತು. ಹೆಂಗೂ ಎತ್ತೀಯಲ್ಲ, ಹರಿ."

ಚಂದ್ರಾಮ ಮಾವನನ್ನು ನೋಡಿದ, ರಂಪಿಗೆಯನ್ನು ನೋಡಿದ. ಅಲಗಿನ ಮೇಲೆ ಕುಂಕುಮ ಯಾವುದು, ರಕ್ತ ಯಾವುದು ಗೊತ್ತಾಗಲಿಲ್ಲ. ಕೂತ. ಹರಿದ.

ಮೊದಮೊದಲು ಬೈಯುತ್ತ ಹರಿದ. ಅಮೆರಿಕದವರ ತಾಯಿಯನ್ನು, ದಿಲ್ಲಿಯವರ ತಾಯಿಯನ್ನು, ಏಜೆಂಟನ ತಾಯಿಯನ್ನು ಒಬ್ಬೊಬ್ಬರನ್ನೇ ಕರೆದು ಹರಿದ. ಆಮೇಲೆ ಬೈಗುಳವೂ ಸಾಲದಾಯಿತು. ಹೊಟ್ಟೆಗೆ ಚುಚ್ಚಿ ಎದೆಯವರೆಗೆ ಎಳೆಯುವುದು, ಬಿಸಾಡುವುದು, ಮತ್ತೊಂದು. ಧನರಾಜ್ ಒಂದು ಕೈಯಿಂದ ಎಸೆಯುತ್ತಲೇ ಇದ್ದ. ಸಂಜೆಗೆ ಗೋಡೆ ಬರಿದಾಗಿ, ಹಿಂದಿದ್ದ ಪಾಚಿ ಕಂಡಿತು. ಚಂದ್ರಾಮ ಏಳುವಾಗ ಮೊದಲು ಸೀಳಿದ ಬ್ಯಾಗನ್ನು ಕಂಕುಳಿಗಿಟ್ಟುಕೊಂಡ. ಯಾರೂ ಬೇಡ ಎನ್ನಲಿಲ್ಲ.

ಮರುದಿನ ಬೆಳಗ್ಗೆ ಚಂದ್ರಾಮನ ಚಾಳಿನ ಬಾಗಿಲಲ್ಲಿ ಧನರಾಜ್ ನಿಂತಿದ್ದ. ಬನ್ನಿ ಕೊಡಲು ಕಿರಿಯರು ಹಿರಿಯರ ಮನೆಗೆ ಹೋಗಬೇಕು, ಇವನೇ ಬಂದಿದ್ದ. ಬಲಗೈಗೆ ದಪ್ಪನೆಯ ಪಟ್ಟಿ, ಹಣೆ ಬಾತಿತ್ತು. ಎಡಗೈಯಲ್ಲಿ ಬನ್ನಿ ಎಲೆ ಚಾಚಿದ.

"ಬಂಗಾರ ತಗೊಂಡು ಬಂಗಾರದಂಗ ಇರೂಣು."

ತುಟಿ ಊದಿದ ಚಂದ್ರಾಮ ಕೈ ಮುಂದೆ ಮಾಡಲಿಲ್ಲ. ಒಳಗಿನಿಂದ ಗುರುಬಾಯಿ ಸೆರಗು ಹೊದ್ದು ಬಂದಳು. ಹೆಗಲಲ್ಲಿ ಜೇನಿನ ಬಣ್ಣದ ಬ್ಯಾಗು. ಸೀಳಿದ ಮಗ್ಗುಲನ್ನು ಮೈಯ ಕಡೆಗೆ ಮಾಡಿ ತೂಗುಹಾಕಿಕೊಂಡಿದ್ದಳು.

"ಕೊಡ್ರಿ ಮಾವಾ," ಎಂದು ಎರಡೂ ಕೈಯೊಡ್ಡಿ ಎಲೆ ತೆಗೆದುಕೊಂಡಳು. ಕಣ್ಣಿಗೊತ್ತಿಕೊಂಡಳು. ಬ್ಯಾಗಿನ ಬಾಯಿ ತೆರೆದು ಒಳಗೆ ಹಾಕಿ, ಮತ್ತೆ ಜತನದಿಂದ ಮುಚ್ಚಿ, ಬಗ್ಗಿ ಧನರಾಜ್‌ನ ಕಾಲು ಮುಟ್ಟಿದಳು.

ಎಲೆ ಸೀಳಿನಿಂದ ಜಾರಿ ಹೊಸ್ತಿಲ ಮೇಲೆ ಬಿತ್ತು. ಮೂವರೂ ಅದನ್ನು ನೋಡಿದರು.