ಸೋಮವಾರದ ಬ್ಯಾಟರಿ

ಹೊಳೆ ಹೇಳಿ ಬರುವುದಿಲ್ಲ. ಹೊಳೆಗಿಂತ ಮೊದಲು ಅದರ ಸುದ್ದಿಯಾದರೂ ಬರಲಿ ಎಂದು ಸರಕಾರ ಎಂಬತ್ತೊಂದರಲ್ಲಿ ವರದೆಯ ದಂಡೆಯ ಹೊಳೆಹಳ್ಳಿಗೆ ಒಂದು ವೈರ್‌ಲೆಸ್ ಸೆಟ್ಟು ಮಂಜೂರು ಮಾಡಿತು. ಮೇಲ್ಗಡೆ ಮಳೆ ಹೆಚ್ಚಾದರೆ ಹಾನಗಲ್ಲಿನ ಕಚೇರಿಯವರು ಬೆಳಿಗ್ಗೆ ಆರಕ್ಕೆ, ಸಂಜೆ ಐದಕ್ಕೆ ಕೂಗಿ ಹೇಳಬೇಕು. ಚಾವಡಿ ಕಾಯುವ ಕುಬೇರಪ್ಪ ಕೇಳಿ ಊರಿಗೆ ಸಾರಬೇಕು. ಅನುದಾನದಲ್ಲಿ ಸೆಟ್ಟು ಬಂತು, ಕಂಬ ಬಂತು, ಒಂದು ಬ್ಯಾಟರಿ ಬಂತು. ಎರಡನೆಯ ಬ್ಯಾಟರಿಯ ಕಾಗದ ಮಾತ್ರ ಹಾನಗಲ್ಲಿಗೂ ಧಾರವಾಡಕ್ಕೂ ಎರಡು ವರ್ಷ ಓಡಾಡಿ ಸುಸ್ತಾಗಿ ಎಲ್ಲೋ ಕುಳಿತುಬಿಟ್ಟಿತು.

ಹಾಗಾಗಿ ಇದ್ದೊಂದು ಬ್ಯಾಟರಿ ಬತ್ತಿದಾಗಲೆಲ್ಲ ಅದನ್ನು ಚಕ್ಕಡಿಯಲ್ಲಿ ನಾಲ್ಕು ಮೈಲಿ ದೂರದ ಡಾಂಬರು ರಸ್ತೆಗೆ ಒಯ್ದು, ಬಸ್ಸಿಗೆ ಹಾಕಿ, ಹಾನಗಲ್ಲಿನಲ್ಲಿ ಚಾರ್ಜ್ ಮಾಡಿಸಿ ತರಬೇಕು. ತರುವತನಕ ಸೆಟ್ಟು ಮೂಕ.

ಆಷಾಢದ ಒಂದು ಸೋಮವಾರ ಬೆಳಿಗ್ಗೆ ಅದು ಮೂಕವಾಯಿತು. ನೆರೆಮನೆಯ ಖಾದರಸಾಬ ಹಗ್ಗ ಹಿಡಿದೇ ಬಂದ.

"ಕುಬೇರಪ್ಪಣ್ಣಾ, ನನ್ನ ಚಕ್ಕಡಿ ಹೂಡ್ತೇನಿ ತೊಗೊ. ಸಂಜಿ ಐದರ ಕೂಗಿಗೆ ಹೊಳ್ಳಿ ಬರಬೌದು."

"ಸೋಮವಾರ ಐತೋ ಮಾರಾಯಾ. ಬಸವಣ್ಣನ ಹೆಗಲಿಗೆ ನೊಗಾ ಇಡಬ್ಯಾಡ."

"ಎತ್ತು ನನ್ನವು. ನನಗೆಲ್ಲಿ ನಿಮ್ಮ ಸೋಮವಾರ?"

"ನಿನಗಿಲ್ಲಪಾ. ಎತ್ತಿಗಿ ಐತಲ್ಲ!"

ಖಾದರಸಾಬ ನಕ್ಕು ಹಗ್ಗ ಸುತ್ತಿಟ್ಟ. ಆ ಊರಲ್ಲಿ ಅವನ ಅಜ್ಜನೂ ಸೋಮವಾರ ಎತ್ತು ಹೂಡಿದವನಲ್ಲ.

ಸೆಟ್ಟಿಗೆ ಸವತಿ ಎಂದೇ ಹೆಸರಿಟ್ಟಿದ್ದ ಹೆಂಡತಿ ಸರೋಜವ್ವ ಒಳಗಿನಿಂದ ಚುಚ್ಚಿದಳು: "ನನ್ನ ಸವತಿ ಬಾಯಿ ಮುಚ್ಯಾಳೇನು? ಇವತ್ತರ ನನ್ನ ಮಾತ ಕೇಳ್ರಿ. ರೊಟ್ಟಿ ಆರಾಕತ್ಯಾವು."

ಕುಬೇರಪ್ಪ ಖಾದರಸಾಬನ ಎತ್ತುಗಳ ಪಾದ ಮುಟ್ಟಿ ನಮಸ್ಕರಿಸಿ ನೆಮ್ಮದಿಯಿಂದ ಉಂಡ. ಒಂದು ದಿನದಲ್ಲಿ ಏನಾದೀತು, ಶಿವನಿದ್ದಾನೆ.

ಮಂಗಳವಾರ ನಸುಕಿನಲ್ಲೇ ಹೊರಟ. ಹಾನಗಲ್ಲಿನಲ್ಲಿ ಬ್ಯಾಟರಿಯನ್ನು ಚಾರ್ಜಿಗೆ ಹಚ್ಚಿ ಅಂಗಡಿಯ ಕಟ್ಟೆಯ ಮೇಲೆ ಕುಳಿತಿದ್ದಾಗ ಕಚೇರಿಯ ಗುಮಾಸ್ತ ಕಂಡವನೇ ಓಡಿ ಬಂದ.

"ಎಲ್ಲಿ ಸತ್ತಿದ್ರಿ? ನಿನ್ನೆ ಸಂಜಿ ಹತ್ತ ಸಲ ಕೂಗೇವಿ! ಇವತ್ತ ಮಧ್ಯಾನದೊಳಗ ಹೊಳಿ ಏರತೈತಿ!"

ಆ ಹೊತ್ತಿಗೆ ಸರೋಜವ್ವ ಎಲ್ಲಿರುತ್ತಾಳೆಂದು ಕುಬೇರಪ್ಪನಿಗೆ ಗೊತ್ತಿತ್ತು. ಓಣಿಯ ಇನ್ನಿಬ್ಬರು ಹೆಂಗಸರ ಜೊತೆ ಹೊಳೆಯ ನಡುಗಡ್ಡೆಯಲ್ಲಿ ಹುಲ್ಲು ಕೊಯ್ಯುತ್ತಿರುತ್ತಾಳೆ. ಅರ್ಧ ತುಂಬಿದ ಬ್ಯಾಟರಿಯನ್ನೇ ಕಿತ್ತುಕೊಂಡು ಬಸ್ಸು ಹತ್ತಿದ. ದಾರಿಯುದ್ದಕ್ಕೂ ಪಂಚಾಕ್ಷರಿ ಜಪಿಸಿದ. ಎಣಿಕೆ ತಪ್ಪಿದಾಗಲೆಲ್ಲ ಮೊದಲಿನಿಂದ ಶುರು ಮಾಡಿದ.

ಊರು ಮುಟ್ಟಿದಾಗ ನಡುಗಡ್ಡೆ ಇರಲಿಲ್ಲ. ಕೆಂಪು ನೀರು ದಂಡೆಯಿಂದ ದಂಡೆಗೆ ಹಾಸಿತ್ತು. ಇಬ್ಬರು ಹೆಂಗಸರು ಜಾಲಿಮರ ಹಿಡಿದು ಬದುಕಿದ್ದರು. ಸರೋಜವ್ವ ಅವರನ್ನು ಮರ ಹತ್ತಿಸಿ, ತಾನು ಹತ್ತಲು ಕಾಲೆತ್ತಿದ್ದಳಂತೆ.

ಕತ್ತಾಳೆ ಬೇಲಿ, ಬಿದಿರ ಮೆಳೆ ಎಲ್ಲ ಹುಡುಕಿದರು. ಸಂಜೆ ಐದಕ್ಕೆ ಚಾವಡಿಯಲ್ಲಿ ಸೆಟ್ಟು ಗೊರಗುಟ್ಟಿತು.

"ಹೊಳೆಹಳ್ಳಿ, ಜೀವಹಾನಿ ಎಷ್ಟ್ರಿ?"

"ನಮ್ಮ ಸರೋಜವ್ವ..."

"ಹೆಸರು ಬ್ಯಾಡ್ರಿ. ಹೆಣ ಸಿಕ್ಕೈತೇನು?"

"ಇಲ್ರಿ."

"ಹಂಗಾದ್ರ ಸೊನ್ನೆ ಅಂತ ಬರಕೋತೇವಿ. ಸಿಕ್ಕ ಮ್ಯಾಲ ತಿಳಸ್ರಿ."

ಕುಬೇರಪ್ಪ ಒದ್ದೆ ಬೆರಳಿನಿಂದ ಗುಂಡಿ ಒತ್ತಿದ.

"ನಿನ್ನೆನ ಚಕ್ಕಡಿ ಹೂಡ್ತೇನಿ ಅಂದಿದ್ದ ರೀ ಖಾದರಸಾಬ. ನಾನ ಬ್ಯಾಡಂದೆ."

ಆ ಕಡೆಯವರು ಆಗಲೇ ಮುಂದಿನ ಊರನ್ನು ಕೂಗುತ್ತಿದ್ದರು.