ಗಡಿಯ ಹೇಜಲ್ ಸಾಲು

ನೆರ್ಗಿಸ್ ತನ್ನ ಗಂಡನ ಶವಪೆಟ್ಟಿಗೆಯ ಮೇಲಿನ ಹಸಿರು ಬಟ್ಟೆ ಗಾಳಿಗೆ ಹಾರದಂತೆ ಒತ್ತಿ ಹಿಡಿದಿದ್ದಳು. ಅಂಗಳದಲ್ಲಿ ನೆರೆದವರನ್ನು ಇಮಾಮರು ಎರಡನೇ ಸಲ ಕೇಳಿದರು.

"ಇಲ್ಕೆರ್ ಮೇಲೆ ನಿಮಗಿರೋ ಹಕ್ಕನ್ನೆಲ್ಲ ಬಿಟ್ಟುಕೊಟ್ರಾ?"

"ಹಲಾಲ್, ಬಿಟ್ಟುಕೊಟ್ವಿ," ಎಂದರು ಎಲ್ಲರೂ.

"ನಾನು ಬಿಟ್ಟಿಲ್ಲ," ಎಂದ ಪಕ್ಕದ ತೋಟದ ದುರ್ಸುನ್.

ದನಿ ದೊಡ್ಡದಿರಲಿಲ್ಲ. ಆದರೂ ಹಿಂದಿನ ಸಾಲಿನವರೆಗೆ ತಲೆಗಳು ತಿರುಗಿದವು.

"ಬಾಯಿಮಾತಿಗೆ ಹಲಾಲ್ ಅಂದ್ರೆ ಅವನಿಗೂ ಒಳ್ಳೇದಲ್ಲ, ನನಗೂ ಒಳ್ಳೇದಲ್ಲ. ಈ ಮನೆಯ ಹೇಜಲ್ ಗಡಿಸಾಲು ನನ್ನ ತೋಟದೊಳಗೆ ಮೂರು ಹೆಜ್ಜೆ ಬಂದಿದೆ."

"ಹೆಣದ ಮುಂದೆ ಆಡೋ ಮಾತೇನಯ್ಯಾ ಇದು?" ಎಂದು ಮುದುಕನೊಬ್ಬ ಗದರಿದ.

"ಇನ್ನೆಲ್ಲಿ ಆಡಲಿ? ಮಣ್ಣು ಮುಚ್ಚಿದ ಮೇಲೆ ಅವನಿಗೆ ಕೇಳಿಸುತ್ತಾ?"

ನೆರ್ಗಿಸ್ ಅತ್ತೆಯ ಕಡೆ ನೋಡಿದಳು. ಹವ್ವಾ ತಲೆವಸ್ತ್ರದ ಅಂಚನ್ನು ಬಾಯಿಗೆ ಒತ್ತಿಕೊಂಡು ನೆಲ ನೋಡುತ್ತಿದ್ದಳು. ಬೇರೆಯವರ ಹಕ್ಕು ಹೊತ್ತುಕೊಂಡು ಹೋದವನಿಗೆ ಮಣ್ಣೊಳಗೂ ನೆಮ್ಮದಿಯಿಲ್ಲ ಎಂದು ಬೆಳಿಗ್ಗೆ ಅವಳೇ ಹೇಳಿದ್ದಳು.

ಇಲ್ಕೆರ್ ಸತ್ತು ಇನ್ನೂ ಒಂದು ದಿನವಾಗಿರಲಿಲ್ಲ. ಶಾಲೆಯ ವ್ಯಾನಿನಿಂದ ಮಕ್ಕಳನ್ನೆಲ್ಲ ಇಳಿಸಿ, ಬಾಗಿಲು ಹಾಕಿ, ಸ್ಟಿಯರಿಂಗಿನ ಮೇಲೆ ತಲೆಯಿಟ್ಟಿದ್ದ. ಮೂವತ್ತೆಂಟು ವರ್ಷ. ಹೃದಯ, ಎಂದಿದ್ದರು ಡಾಕ್ಟರು. ಅದೇ ಅವಳ ತಲೆಗೆ ಇನ್ನೂ ಇಳಿದಿರಲಿಲ್ಲ. ಈಗ ಅವನು ಕಳ್ಳನೂ ಹೌದೆ?

*

ಗಿರೆಸುನ್ ಪಟ್ಟಣದ ಮೇಲಿನ ಈ ಇಳಿಜಾರಿಗೆ ಅವಳು ಮದುವೆಯಾಗಿ ಬಂದ ಮೊದಲ ಚಳಿಗಾಲ. ಇಲ್ಕೆರ್ ಗಡಿಯಲ್ಲಿ ಮಚ್ಚು ಹಿಡಿದು ಕೂತಿದ್ದ. ಹೇಜಲ್‌ನಟ್ ಬಿಡುವ ಈ ಹೇಜಲ್ ಒಂಟಿ ಕಾಂಡದ ಮರವಲ್ಲ. ಏಳೆಂಟು ಕಾಂಡಗಳು ಮೆಳೆಯಾಗಿ ಏಳುತ್ತವೆ, ಬುಡದ ಸುತ್ತ ವರ್ಷವರ್ಷವೂ ಚಿಗುರು ಬರುತ್ತದೆ. ಮುದಿಯಾದದ್ದನ್ನು ಕಡಿದು ಒಂದೆರಡು ಚಿಗುರು ಉಳಿಸಿಕೊಳ್ಳಬೇಕು.

"ಯಾವ ಕಡೆಯ ಚಿಗುರು ಬಿಡ್ತೀವೋ ಮೆಳೆ ಆ ಕಡೆ ನಡೆಯುತ್ತೆ," ಎಂದಿದ್ದ. "ವರ್ಷಕ್ಕೆ ಒಂದು ಗೇಣೂ ಇಲ್ಲ. ಯಾರ ಕಣ್ಣಿಗೂ ಬೀಳಲ್ಲ."

ಅಂಗಳದಿಂದ ಹವ್ವಾ ಕೂಗಿದ್ದಳು. "ಮತ್ತೆ ತಪ್ಪು ಕಡೇದನ್ನೇ ಕಡೀತಿದ್ದೀಯಲ್ಲೋ. ನಿಮ್ಮಪ್ಪ ಕಲಿಸಲಿಲ್ವಾ?"

"ಕಲಿಸಿದ್ರಮ್ಮ. ನಂದೇ ಮೊಂಡುಗೈ."

ಊರಿನವರೂ ಅವನನ್ನು ಮೊಂಡುಗೈ ಎಂದೇ ಆಡಿಕೊಳ್ಳುತ್ತಿದ್ದರು. ನೆರ್ಗಿಸ್ ನಕ್ಕಿದ್ದಳು. ತಪ್ಪು ಕಡೆ ಯಾವುದು ಎಂದು ಕೇಳಿರಲಿಲ್ಲ.

*

"ದುರ್ಸುನ್ ಮಾವ, ಬನ್ನಿ, ನೋಡೋಣ," ಎಂದಳು ನೆರ್ಗಿಸ್, ಶವಪೆಟ್ಟಿಗೆಯ ಬಟ್ಟೆಯಿಂದ ಕೈ ತೆಗೆದು.

"ಏನು ನೋಡ್ತೀಯಮ್ಮ ನೀನು, ಅಂಕಾರಾದವಳು? ಹೇಜಲ್‌ನಲ್ಲಿ ತೊಂಬುಲ್ ತಳಿ ಯಾವುದು ಸಿವ್ರಿ ತಳಿ ಯಾವುದು ಅಂತ ನಿನಗಿನ್ನೂ ಗೊತ್ತಾಗಲ್ಲ."

"ಗೊತ್ತಾಗಲ್ಲ. ಅದಕ್ಕೇ ನಿಮ್ಮನ್ನ ಕರೆದೆ."

ಗಡಿ ಅಂಗಳದಿಂದ ಇಪ್ಪತ್ತು ಹೆಜ್ಜೆ ಕೆಳಗೆ. ಎಲೆಯಿಲ್ಲದ ಕಾಂಡಗಳಲ್ಲಿ ಫೆಬ್ರವರಿಯ ಹೂಗಳು ಹಳದಿ ಬಾಲಗಳಂತೆ ಜೋತಿದ್ದವು. ದುರ್ಸುನ್ ಇಳಿಯುತ್ತ ಗೊಣಗಿದ. "ನನ್ನ ಸಿವ್ರಿ ಗಿಡದ ಪರಾಗ ಹಾರಿ ಬರದಿದ್ರೆ ನಿಮ್ಮ ತೊಂಬುಲ್ ಕಾಯಿ ಕಟ್ಟುತ್ತಾ? ಅದನ್ನ ಪುಕ್ಕಟೆ ಕೊಟ್ಟೆ. ಸಾಲದು ಅಂತ ಮಣ್ಣೂ ಬೇಕಾಯ್ತು."

ಮೊದಲ ಮೆಳೆಯ ಬುಡದಲ್ಲಿ ಅವನು ಮೊಣಕಾಲೂರಿ ಒಣಗಿದ ಎಲೆ ಸರಿಸಿದ. ನೆರ್ಗಿಸ್ ನಿಂತಿದ್ದ ಮನೆಯ ಕಡೆ ಕೊಳೆತು ಪುಡಿಯಾಗುತ್ತಿದ್ದ ಬುಡವೊಂದಿತ್ತು.

"ನೋಡು, ಇದು ನಿನ್ನ ಮಾವ ಕಡಿದದ್ದು. ಈ ಕಡೆ ಕಡೀತಾ, ನನ್ನ ಕಡೆ ಬಿಡ್ತಾ, ಮೂವತ್ತು ವರ್ಷ ನಡೆಸಿಕೊಂಡು ಬಂದ."

ಆಮೇಲೆ ಅವನು ತನ್ನ ಕಡೆಯ ಎಲೆಗಳನ್ನು ಸರಿಸಿದ. ಅಲ್ಲಿಯೂ ಕಡಿದ ಬುಡಗಳಿದ್ದವು. ಕೆಲವು ಕಪ್ಪಾಗಿದ್ದವು, ಎರಡು ಈ ಚಳಿಗಾಲದವು. ಎಳೆ ಕಾಂಡಗಳೆಲ್ಲ ನೆರ್ಗಿಸ್ ನಿಂತ ಕಡೆಗಿದ್ದವು. ಅವನು ಎದ್ದು ಎರಡನೇ ಮೆಳೆಗೆ ಹೋದ. ಮೂರನೆಯದಕ್ಕೆ ಹೋದ.

"ಇದನ್ನ ಯಾರು ಕಡಿದದ್ದು?"

"ಇಲ್ಕೆರ್. ನಮ್ಮ ಮಾವ ತೀರಿಕೊಂಡಾಗಿನಿಂದ ಅವನೇ. ಹನ್ನೊಂದು ಚಳಿಗಾಲ."

ದುರ್ಸುನ್ ತನ್ನ ತೋಟದ ಗಡಿಕಲ್ಲಿನಿಂದ ಸಾಲಿನವರೆಗೆ ಹೆಜ್ಜೆ ಹಾಕಿ ಅಳೆದ. ಇನ್ನೊಂದು ಸಲ ಅಳೆದ.

"ಒಂದೂವರೆ ಹೆಜ್ಜೆ ವಾಪಸ್ ಹೋಗಿದೆ," ಎಂದ. "ನನಗೆ ಹೇಳಬಹುದಿತ್ತಲ್ಲ ಅವನು."

"ನನಗೂ ಹೇಳಲಿಲ್ಲ."

"ಹೇಳಿದ್ರೆ ಅಪ್ಪನ್ನ ಕಳ್ಳ ಅಂದಹಾಗೆ ಆಗ್ತಿತ್ತು." ಅವನು ಕೈಯ ಮಣ್ಣು ಒರೆಸಿಕೊಂಡ. "ಆದ್ರೂ ಒಂದೂವರೆ ಉಳಿದಿದೆಯಲ್ಲಮ್ಮ."

ಸಂತೋಷಪಡಬೇಕೋ ಬೇಡವೋ ಅವಳಿಗೆ ತಿಳಿಯಲಿಲ್ಲ. ಆರು ವರ್ಷ ಜೊತೆಗಿದ್ದವನು ಕಳ್ಳನಲ್ಲ ಎಂದು ಈಗ ಗೊತ್ತಾಯಿತು. ಮತ್ತೇನು ಗೊತ್ತಿರಲಿಲ್ಲವೋ, ಅದನ್ನು ಯಾರನ್ನು ಕೇಳುವುದು?

ಅವರಿಬ್ಬರೂ ಅಂಗಳಕ್ಕೆ ಮರಳಿದಾಗ ಇಮಾಮರು ಮೂರನೇ ಸಲ ಕೇಳಿದರು. ಎಲ್ಲರೂ ದುರ್ಸುನ್ ಬಾಯಿಯನ್ನೇ ನೋಡುತ್ತಿದ್ದರು.

"ಅರ್ಧ ಬಂದಿದೆ," ಎಂದ ಅವನು. "ಅರ್ಧಕ್ಕೆ ಹಲಾಲ್."

"ಅರ್ಧ ಹಲಾಲ್ ಅಂತ ಒಂದಿಲ್ಲ ದುರ್ಸುನಣ್ಣ. ಇದೇನು ಅರ್ಧ ಕೇಜಿ ಕಾಯಿಯಾ?" ಎಂದರು ಇಮಾಮರು.

ಯಾರೋ ನಕ್ಕು, ಕೆಮ್ಮಿ ಮುಚ್ಚಿಕೊಂಡರು.

"ಉಳಿದದ್ದು ನನ್ನ ಗಂಡಂದು," ಎಂದಳು ಹವ್ವಾ. ಜನ ನೆರೆದ ಮೇಲೆ ಅದು ಅವಳ ಮೊದಲ ಮಾತು. "ನನ್ನ ಮಗನ ತಲೆಗೆ ಹಾಕಬೇಡ."

ಕೆಳಗಿನ ಮಸೀದಿಯಲ್ಲಿ ಮಧ್ಯಾಹ್ನದ ಅಜಾನ್ ಕೇಳಿಸಿತು. ಇನ್ನು ಕಾಯುವಂತಿರಲಿಲ್ಲ. ಗಂಡಸರು ಪೆಟ್ಟಿಗೆಯನ್ನೆತ್ತಿ, ನಾಲ್ಕು ಹೆಜ್ಜೆಗೊಮ್ಮೆ ಭುಜ ಬದಲಿಸುತ್ತ ಗಡಿಯ ಪಕ್ಕದ ಕಾಲುದಾರಿಗಿಳಿದರು. ಹೆಂಗಸರು ಅಂಗಳದ ಅಂಚಿನಲ್ಲಿ ನಿಂತರು.

ದುರ್ಸುನ್ ಎಲ್ಲರ ಹಿಂದಿದ್ದ. ಮೊದಲ ಮೆಳೆ ಬಂದಾಗ ಅವನು ದಾರಿ ಬಿಟ್ಟು ನಿಂತದ್ದನ್ನು ನೆರ್ಗಿಸ್ ನೋಡಿದಳು. ಬುಡದಲ್ಲಿ ಎರಡು ಚಿಗುರುಗಳಿದ್ದವು, ಒಂದು ಅವಳ ಮನೆಯ ಕಡೆ, ಇನ್ನೊಂದು ಅವನ ತೋಟದ ಕಡೆ. ಅವನು ಮನೆಯ ಕಡೆಯದರ ಬುಡವನ್ನು ಬೂಟುಗಾಲಿನಿಂದ ತುಳಿದು ಮುರಿದ. ತನ್ನ ಕಡೆಯದರ ಸುತ್ತ ಬಿದ್ದಿದ್ದ ಎಲೆಯನ್ನು ಕೈಯಿಂದ ಸರಿಸಿ, ಮೆಳೆ ಇನ್ನು ತನ್ನ ತೋಟದೊಳಗೇ ನಡೆಯಲಿ ಎಂಬಂತೆ, ಅದನ್ನು ನೆಟ್ಟಗೆ ನಿಲ್ಲಲು ಬಿಟ್ಟ. ಆಮೇಲೆ ಇಳಿಜಾರಿನಲ್ಲಿ ಜಾರುತ್ತ ಓಡಿ, ಮುಂದಿದ್ದವನೊಬ್ಬನನ್ನು ಪಕ್ಕಕ್ಕೆ ಸರಿಸಿ, ಪೆಟ್ಟಿಗೆಗೆ ಭುಜ ಕೊಟ್ಟ.