ಕೊಳದ ಪಕ್ಕದ ಮೂಲೆ

ಆಸ್ಪತ್ರೆಯ ಲಾಂಡ್ರಿಯಲ್ಲಿ ಇವತ್ತು ಒಗೆದ ಹಾಸುಬಟ್ಟೆ ನಾಳೆಯೇ ಕೊಳೆಯಾಗಿ ವಾಪಸು ಬರುತ್ತದೆ. ಮನೆಯಲ್ಲಿ ತಿಕ್ಕಿದ ಪಾತ್ರೆಯ ಕಥೆಯೂ ಅದೇ. ಹತ್ತೊಂಬತ್ತು ವರ್ಷದಲ್ಲಿ ಅವಳು ಮಾಡಿದ ಒಂದು ಕೆಲಸವಾದರೂ ಮಾಡಿದ ಹಾಗೆ ನಿಂತದ್ದಿಲ್ಲ. ಇಸ್ತ್ರಿ ಮಾಡುವ ಬಿಸಿ ರೋಲರಿನ ಬಾಯಿಗೆ ಬಟ್ಟೆ ಕೊಟ್ಟು ಕೊಟ್ಟು ಸಂಜೆ ಮನೆ ಸೇರುವಷ್ಟರಲ್ಲಿ ಹೈರಾಣಾಗಿರುತ್ತಿದ್ದಳು.

ಅದಕ್ಕೇ ಆ ಆಟ. ಮಗಳು ಹಾಸ್ಟೆಲಿಗೆ ಹೋಗುವಾಗ ಬಿಟ್ಟುಹೋದ ಹಳೆಯ ಟ್ಯಾಬಿನಲ್ಲಿ ಒಂದು ಪಾಳುಬಿದ್ದ ತೋಟ. ಕಳೆ ಕೀಳಬೇಕು, ಕಲ್ಲು ಜೋಡಿಸಬೇಕು, ಗಿಡ ನೆಡಬೇಕು. ಇಲ್ಲೂ ಕೆಲಸವೇ ಗತಿಯಾಯಿತಲ್ಲ ಎಂದು ಮೊದಲ ದಿನ ಅವಳಿಗೇ ನಗು ಬಂದಿತ್ತು. ಆದರೆ ಅಲ್ಲಿ ಕಿತ್ತ ಕಳೆ ಮತ್ತೆ ತಲೆ ಎತ್ತುತ್ತಿರಲಿಲ್ಲ. ನಿನ್ನೆ ಇಟ್ಟ ಕಲ್ಲು ಇವತ್ತೂ ಇಟ್ಟಲ್ಲೇ ಇರುತ್ತಿತ್ತು. ದಿನಕ್ಕೆ ಅರ್ಧ ಗಂಟೆಯಂತೆ ಎಂಟು ತಿಂಗಳು ಆಡಿದಳು. ತಲೆನೋವಿನ ಮಾತ್ರೆ ಡಬ್ಬದಲ್ಲೇ ಉಳಿಯತೊಡಗಿತು. "ಏನಕ್ಕಾ, ನಮ್ಮನ್ನ ಬೈಯೋದೇ ಮರೆತುಬಿಟ್ರಾ?" ಎಂದು ರೋಲರಿನ ಆಚೆ ತುದಿಯಲ್ಲಿ ನಿಲ್ಲುವವಳು ಛೇಡಿಸಿದ್ದೂ ಉಂಟು.

ಈಗ ಉಳಿದದ್ದು ಕೊಳದ ಪಕ್ಕದ ಒಂದೇ ಮೂಲೆ. ಎಲ್ಲಿ ಮುಗಿದುಹೋಗುತ್ತದೋ ಎಂದು ಹೆದರಿ ದಿನಕ್ಕೆ ಎರಡೇ ಕಲ್ಲು ಇಡುತ್ತಿದ್ದಳು.

ಗಂಡ ಲಿಫ್ಟ್ ರಿಪೇರಿಯವನು. ಒಳ್ಳೆಯ ಮನುಷ್ಯ, ಅದರಲ್ಲಿ ಎರಡು ಮಾತಿಲ್ಲ. ಆದರೆ ಪಟ್ಟಿಯಲ್ಲಿ ಬರೆದ ಕೆಲಸ ಬಾಕಿ ಉಳಿದರೆ ಅವನಿಗೆ ಊಟ ಸೇರುವುದಿಲ್ಲ. ಪಟ್ಟಿಯಲ್ಲಿ ಇಲ್ಲದ ಕೆಲಸ ಕಣ್ಣಿಗೇ ಬೀಳುವುದಿಲ್ಲ.

ಆ ಭಾನುವಾರ ಅವಳಿಗೆ ಡ್ಯೂಟಿ, ಅವನಿಗೆ ರಜೆ. ಸಂಜೆ ಬಾಗಿಲು ತೆರೆದವನ ಮುಖ ಊರಗಲವಾಗಿತ್ತು.

"ನಿನ್ನ ಕೆಲಸ ಎಲ್ಲಾ ಮುಗಿಸಿಟ್ಟಿದೀನಿ ಕಣೇ. ಇವತ್ತು ಸುಮ್ನೆ ಕೂತ್ಕೋ."

ಅವಳ ಕಣ್ಣು ಸೀದಾ ಅಡುಗೆಮನೆಗೆ ಹೋಯಿತು. ತೊಟ್ಟಿಯಲ್ಲಿ ಬೆಳಗಿನ ಪಾತ್ರೆ ರಾಶಿ ಬಿದ್ದಿತ್ತು.

"ಯಾವ ಕೆಲಸ?"

ಅವನು ಟ್ಯಾಬನ್ನು ಮುಂದೆ ಹಿಡಿದ. ಮೂಲೆಯ ತುಂಬ ಕಲ್ಲು ಕೂತಿತ್ತು, ಗಿಡಗಳೆಲ್ಲ ಹೂ ಬಿಟ್ಟಿದ್ದವು. ಆಟ ತೋರಿಸುವ ಕೆಲಸದ ಪಟ್ಟಿ ಖಾಲಿ.

"ಮೂವತ್ತೇಳು ಬಾಕಿ ಇಟ್ಟಿದ್ದೆ ನೀನು! ಬೆಳಗ್ಗಿಂದ ಕೂತು ಒಂದೂ ಬಿಡದೆ ಮುಗಿಸಿದೆ. ಬೆನ್ನು ಬಿದ್ದುಹೋಯ್ತು ನೋಡು."

ಹೆಗಲ ಚೀಲವನ್ನೂ ಇಳಿಸದೆ ಅವಳು ಕುರ್ಚಿಯಲ್ಲಿ ಕುಸಿದಳು. ಬೈಯೋಣವೆಂದು ಬಾಯಿ ತೆರೆದರೆ ಅಳು ಬಂತು.

"ಅದು ಕೆಲಸ ಅಲ್ಲ ರೀ. ದಿನಾ ಅರ್ಧ ಗಂಟೆ ನಾನು ಹೋಗಿ ಕೂರ್ತಿದ್ದ ಜಾಗ ಅದು. ಇನ್ನೆಲ್ಲಿಗೆ ಹೋಗ್ಲಿ?"

ಅವನ ಮುಖ ಸಪ್ಪಗಾಯಿತು. "ಮೊದಲಿಂದ ಶುರು ಮಾಡೋಕಾಗಲ್ವಾ?"

"ಆಗತ್ತೆ. ಆಟದಲ್ಲಿ ಆಗತ್ತೆ."

ಅವನು ಟ್ಯಾಬನ್ನು ಮೇಜಿನ ಮೇಲಿಟ್ಟ. ಆಮೇಲೆ ಅಡುಗೆಮನೆಗೆ ಹೋದ. ನಲ್ಲಿ ತಿರುಗಿಸಿದ ಸದ್ದಾಯಿತು, ಡಬ್ಬಗಳನ್ನು ತೆಗೆದು ಮುಚ್ಚುವ ಸದ್ದಾಯಿತು.

"ಪಾತ್ರೆ ತಿಕ್ಕೋ ಸೋಪು ಎಲ್ಲಿಡ್ತೀಯೇ?"

ಮದುವೆಯಾಗಿ ಇಪ್ಪತ್ತೊಂದು ವರ್ಷ. ಹೋಗಿ ತೋರಿಸುವುದು ಎರಡು ನಿಮಿಷದ ಕೆಲಸ. ಅಭ್ಯಾಸಬಲದಿಂದ ಅವಳು ಆಗಲೇ ಅರ್ಧ ಎದ್ದಿದ್ದಳು.

ಮತ್ತೆ ಕೂತಳು.

"ಹುಡುಕಿ," ಎಂದಳು. "ಸಿಗತ್ತೆ."